ಡೆಲ್ಬರ್ಟನ ಪೇಟೆಂಟು, ಲೊರೀನಳ ಅಕ್ಷರ

ಪೂರ್ವ ಟೆಕ್ಸಸ್ಸಿನ ನಮ್ಮೂರಲ್ಲಿ ಪೇಟೆಂಟ್ ಇದ್ದವನು ಡೆಲ್ಬರ್ಟ್ ಹ್ರುಸ್ಕಾ ಒಬ್ಬನೇ. ಟೆಲಿಫೋನ್ ತಂತಿ ರಿಪೇರಿ ಮಾಡುತ್ತಿದ್ದವನು, ಪೇಟೆಂಟ್ ಬಂದ ಮೇಲೆ ಕ್ಷೌರಕ್ಕೂ ಟೈ ಕಟ್ಟಿಕೊಂಡು ಬರುತ್ತಿದ್ದ.

ಹೆಂಡತಿ ಲೊರೀನ್ ಮಂಡಿ ಸೋತು ಮನೆಯಲ್ಲೇ ಕೂತಾಗ, ಊರವರು ಕಳಿಸುವ ಸುದ್ದಿಗಳಲ್ಲಿ ಅವಳಿಗೆ ಹತ್ತಿರದವರದ್ದು ಮೊದಲು, ಉಳಿದವರದ್ದು ಆಮೇಲೆ ಬರುವಂತೆ ಅವನು ಕಂಪ್ಯೂಟರಿಗೆ ಕಲಿಸಿದ್ದ. ಅವಳು ತೀರಿಕೊಂಡ ಮೇಲೆ ಕ್ಯಾಲಿಫೋರ್ನಿಯಾದ ದೊಡ್ಡ ಕಂಪನಿಯೊಂದು ಅದೇ ಉಪಾಯವನ್ನು ಲೋಕಕ್ಕೆಲ್ಲ ಹಂಚಿತು. ಡೆಲ್ಬರ್ಟ್ ದಾವೆ ಹೂಡಿದ.

"ದುಡ್ಡು ಬಂದ್ಮೇಲೆ ನಮ್ಮನ್ನೆಲ್ಲ ಮಾತಾಡಿಸ್ತೀಯೇನಯ್ಯ?" ಎಂದು ನಾನು ಕೆಣಕಿದೆ.

"ದುಡ್ಡು ಹಾಳಾಗ್ಲಿ. ಇದನ್ನ ಮೊದಲು ಮಾಡಿದ್ದು ಲೊರೀನ್‌ಗೋಸ್ಕರ ಅಂತ ಎಲ್ಲಾದ್ರೂ ಬರ್ದಿರ್ಬೇಕು. ಅಷ್ಟೇ."

ಕೋರ್ಟಿನಲ್ಲಿ ಎರಡು ದಿನ ಅವನದೇ ಮೇಲುಗೈ. ಮೂರನೆಯ ದಿನ ಕಂಪನಿಯ ವಕೀಲೆ ನಮ್ಮ ಚರ್ಚಿನ ನೋಟಿಸ್ ಬೋರ್ಡಿನ ಹಳೆಯ ಚೀಟಿಯೊಂದನ್ನು ಹಿಡಿದು ಎದ್ದಳು. ಅಂಥ ಚೀಟಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿಟ್ಟ ಘನ ಕಾರ್ಯದರ್ಶಿ ನಾನೇ. ಅವಳ ಕಡೆಯವರು ವಿಚಾರಿಸಲು ಬಂದಾಗ, ನನ್ನ ಶಿಸ್ತು ನೋಡಿ ಬೆರಗಾಗಲಿ ಎಂದು ಇಡೀ ಕಡತವನ್ನೇ ಕೈಗಿತ್ತಿದ್ದೆ.

"ಓದ್ತೀರಾ, ಸರ್?"

ಸಾಕ್ಷಿಕಟ್ಟೆಯಲ್ಲಿದ್ದ ಡೆಲ್ಬರ್ಟ್ ಕನ್ನಡಕ ಒರೆಸಿಕೊಂಡು ಓದಿದ: "ಬುಧವಾರ ಎಲ್ಲರೂ ನಮ್ಮನೆಗೆ ಬನ್ನಿ. ನಮ್ಮ ಯಜಮಾನರ ಹೊಸ ಉಪಾಯ ನೋಡಿ, ನೀವೂ ಬಳಸಿ. ತಿನ್ನೋಕೆ ಸಿಹಿಯಾದ ಪೆಕಾನ್ ಪೈ ಇದೆ. ಹೊಗಳದವರಿಗೆ ಪೈ ಇಲ್ಲ."

ಜ್ಯೂರಿಯವರು ನಕ್ಕರು. ಅವನೂ ನಕ್ಕ.

ಊರಿಗೆಲ್ಲ ಬಳಸಲು ಕೊಟ್ಟ ಮೇಲೆ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಪೇಟೆಂಟ್ ನಿಲ್ಲುವುದಿಲ್ಲ. ಚೀಟಿಯ ದಿನಾಂಕದಿಂದ ಎಣಿಸಿದರೆ ಅವನು ಹಾಕಿದ್ದು ಹದಿನಾಲ್ಕು ತಿಂಗಳಿಗೆ. ಚೀಟಿಯಲ್ಲಿ ದಿನಾಂಕವಿತ್ತು, ಸಹಿಯಿರಲಿಲ್ಲ. ಪೈ ತಿಂದ ನಮಗ್ಯಾರಿಗೂ ಅದು ಯಾವ ವರ್ಷವೆಂದು ನೆನಪಿರಲಿಲ್ಲ. ಅಕ್ಷರ ಯಾರದೋ ಗೊತ್ತಿಲ್ಲ ಎಂದು ಡೆಲ್ಬರ್ಟ್ ಹೇಳಿದ್ದರೆ, ಚೀಟಿ ಸಾಕ್ಷಿಯಾಗಿ ನಿಲ್ಲದೆ ಅವನು ಬಚಾವಾಗುತ್ತಿದ್ದನೋ ಏನೋ. ಅವನ ವಕೀಲ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ.

"ಇದು ಯಾರ ಅಕ್ಷರ?" ಎಂದು ಕಂಪನಿಯ ವಕೀಲೆ ಕೇಳಿದಳು.

"ನನ್ನ ಹೆಂಡ್ತೀದು."

"ಖಂಡಿತವಾಗಿ?"

"ಮೂವತ್ತು ವರ್ಷ ನನ್ನ ಊಟದ ಡಬ್ಬೀಲಿ ಈ ಅಕ್ಷರದ ಚೀಟಿ ಬರ್ತಿತ್ತಮ್ಮ. ಅವಳದ್ದಲ್ಲ ಅನ್ನೋಕೆ ನನ್ನ ಕೈಲಾಗಲ್ಲ."

ಪೇಟೆಂಟ್ ಬಿದ್ದುಹೋಯಿತು. ಜನ ಎದ್ದು ಹೋದರು. ಕ್ಷಮೆ ಕೇಳೋಣವೆಂದು ನಾನು ಹತ್ತಿರ ಹೋದರೆ, ಅವನು ಟೊಪ್ಪಿ ಕೈಯಲ್ಲಿ ಹಿಡಿದು ಕೋರ್ಟಿನ ಗುಮಾಸ್ತೆಯ ಮೇಜಿನ ಮುಂದೆ ನಿಂತಿದ್ದ.

"ಆ ಚೀಟಿ ನಂಗೆ ಕೊಡ್ತೀರೇನಮ್ಮ?"

"ಕೊಡೋ ಹಾಗಿಲ್ಲ ಸರ್. ಅದೀಗ ಕೋರ್ಟಿಂದು."

"ಹಾಗಾದ್ರೆ ಇಲ್ಲೇ ನಿಂತು ಇನ್ನೊಂದ್ಸಲ ಓದ್ಲಾ?"

ಗುಮಾಸ್ತೆ ಚೀಟಿಯನ್ನು ಅವನ ಕಡೆ ತಿರುಗಿಸಿಟ್ಟಳು.