ಹದಿನಾರನೇ ನಂಬರಿನ ಎಂಜಿನ್ನೂ ಡೋರ್ಲಾಳ ಬನ್ನೂ

ಡೋರ್ಲಾ ಡ್ರೈಲಿಂಗ್ ತನ್ನ ಎಂಜಿನ್ನಿಗೆ ಪ್ರಾರ್ಥನೆ ಸಲ್ಲಿಸುತ್ತಾಳೆಂದು ನಾನು ಬಹಳ ಕಾಲ ನಂಬಿದ್ದೆ. ಕ್ಯಾನ್ಸಸ್‌ನ ನಮ್ಮೂರಿನಿಂದ ಗೋಧಿ ಸಾಗಿಸುವ ಪುಟ್ಟ ರೈಲು ಕಂಪನಿಯ ಚಾಲಕಿ ಆಕೆ. ಬೆಳಿಗ್ಗೆ ಹೊರಡುವ ಮುನ್ನ ಹದಿನಾರನೇ ನಂಬರಿನ ಮುದಿ ಎಂಜಿನ್ನಿನ ಪಕ್ಕದ ಬಾಗಿಲು ತೆರೆದು, ತಲೆ ಒಳಗೆ ತೂರಿಸಿ, ಏನೋ ಗೊಣಗಿ, ಬಾಗಿಲನ್ನೊಮ್ಮೆ ತಟ್ಟುತ್ತಿದ್ದಳು. ಊರಿನ ವಾರಪತ್ರಿಕೆಯ ಸಂಪಾದಕನಾದ ನಾನು ಅದನ್ನು ‘ಉಕ್ಕಿನೊಡನೆ ಆತ್ಮಸಂವಾದ’ ಎಂದು ಬರೆದೂಬಿಟ್ಟೆ. ಆಕೆ ಮಾಡುತ್ತಿದ್ದುದು ಇಷ್ಟೆ: ಎಲೆಕೋಸು, ದನದ ಮಾಂಸ ತುಂಬಿದ ಬೀರಾಕ್ ಬನ್ನನ್ನು ಫಾಯಿಲಿನಲ್ಲಿ ಸುತ್ತಿ, ಒಳಗಿನ ಬಿಸಿ ಕೊಳವೆಯ ಮೇಲಿಡುತ್ತಿದ್ದಳು. ಊಟದ ಹೊತ್ತಿಗೆ ಅದು ಹಬೆಯಾಡುತ್ತಿತ್ತು. ಗೊಣಗಾಟವೆಲ್ಲ ಕೆಟ್ಟುಹೋದ ಚಿಲಕಕ್ಕೆ ಬೈಗುಳ.

ಒಂದು ಚಳಿಗಾಲ ಕಂಪನಿ, ದೊಡ್ಡ ರೈಲ್ವೆಯೊಂದು ಮಾರಿದ ಎಂಜಿನ್ ತರಿಸಿತು. ಮ್ಯಾನೇಜರ್ ಲೈಲ್ ಪ್ರೂಯಿಟ್ ಎಂದೂ ಮಸಿ ಕಾಣದ ಬಿಳಿ ಹೆಲ್ಮೆಟ್ ಧರಿಸಿ ಶೆಡ್ಡಿನ ಮುಂದೆ ಭಾಷಣಕ್ಕೆ ನಿಂತ.

“ಯುಗ ಬದಲಾಗಿದೆ! ಎರಡು ಎಂಜಿನ್ ಸಾಕೋ ಶಕ್ತಿ ನಮಗಿಲ್ಲ. ಡೋರ್ಲಾ ಒಂದು ವಾರ ಹೊಸದನ್ನ ಓಡಿಸಿ ನೋಡ್ಲಿ. ಯಾವುದು ಬೇಡ ಅಂತಾಳೋ ಅದು ಗುಜರಿಗೆ.”

“ಹೊಸದಾ? ನನ್ನ ಮೊದಲನೇ ಗಂಡನಷ್ಟು ವಯಸ್ಸಾದ ಹಾಗಿದೆಯಲ್ಲ ಸಾಹೇಬ್ರೇ,” ಎಂದಳು ಡೋರ್ಲಾ.

“ಬಣ್ಣ ಹೊಸದು.”

“ಅವನೂ ಬಣ್ಣ ಹಚ್ಕೋತಿದ್ದ.”

ನಾನು ‘ಹದಿನಾರನ್ನು ಉಳಿಸಿ’ ಸಮಿತಿ ಕಟ್ಟಿ, ಅಧ್ಯಕ್ಷ ಪದವಿಯನ್ನು ವಿನಯದಿಂದ ನನಗೇ ಕೊಟ್ಟುಕೊಂಡೆ. ಚರ್ಚಿನ ನೆಲಮಾಳಿಗೆಯಲ್ಲಿ ನಡೆದ ಸಭೆಗೆ ಜನ ಬಂದರು. ಹೆಚ್ಚಿನವರು ಅಲ್ಲಿ ಹಂಚುತ್ತಿದ್ದ ಸೇಬಿನ ಪೈ ತಿನ್ನಲು.

ಹೊಸ ಎಂಜಿನ್ನಿನಲ್ಲಿ ಮೊದಲ ದಿನ ಬನ್ನು ತಣ್ಣಗೇ ಉಳಿಯಿತು. ಮರುದಿನ ಬೇರೆ ಮೂಲೆಯಲ್ಲಿಟ್ಟಳು, ಇದ್ದಿಲಾಯಿತು. ಅದನ್ನು ಕೆಫೆಗೆ ತಂದು ಪ್ರೂಯಿಟ್‌ನ ಕಾಫಿ ಪಕ್ಕದಲ್ಲಿಟ್ಟಳು.

“ನಿಮ್ಮ ಯುಗ ಸ್ವಲ್ಪ ಜಾಸ್ತಿ ಬೆಂದಿದೆ ನೋಡಿ.”

“ಊಟಕ್ಕೋಸ್ಕರ ಯಾರಾದ್ರೂ ಎಂಜಿನ್ ಆರಿಸ್ತಾರೇನಮ್ಮ?”

“ನಾನು ಕೆಲಸಕ್ಕೆ ಬರೋದೇ ಊಟಕ್ಕೋಸ್ಕರ ಸಾಹೇಬ್ರೇ.”

ಗೆದ್ದೆವೆಂದುಕೊಂಡು ನಾನು ವಿಜಯದ ಬ್ಯಾನರ್ ಬರೆಸಿದೆ.

ವಾರದ ಕೊನೆಗೆ ಶೆಡ್ಡಿನಲ್ಲಿ ಎಲ್ಲರೂ ಸೇರಿದೆವು. ಡೋರ್ಲಾ ಹೊಸ ಎಂಜಿನ್ನಿನಿಂದಿಳಿದು ಫಾಯಿಲ್ ಬಿಚ್ಚಿದಳು. ಹಬೆ ಎದ್ದಿತು. “ಜಾಗ ಸಿಕ್ತು. ಎಡಗಡೆ ಬಾಗಿಲು, ಒಳಗಿನ ಅಂಚಲ್ಲಿ,” ಎಂದು ಬಾಯಿ ತುಂಬ ಅಗಿಯುತ್ತಲೇ ಹದಿನಾರರ ಕಡೆ ಬೊಟ್ಟು ಮಾಡಿದಳು. “ಅದನ್ನ ತಗೊಂಡ್ಹೋಗಿ.”

ಗುಜರಿಗೆ ಹೊರಟ ದಿನ, ಹೊಸ ಎಂಜಿನ್ನಿನಿಂದ ಹಳೆಯದನ್ನು ಎಳೆದೊಯ್ಯಲು ಕೂತವಳೂ ಅವಳೇ. ಬ್ಯಾನರ್ ದಂಡವಾಗಬಾರದೆಂದು ಅದರ ಹಿಂಬದಿಯಲ್ಲಿ ‘ವಿದಾಯ’ ಎಂದು ಬರೆದು ಹಿಡಿದು, ಟೋಪಿ ತೆಗೆದು, ನಾನು ಹಳಿಯ ಮೇಲೆ ನಿಂತು ಕೂಗಿ ಕೇಳಿದೆ:

“ಡೋರ್ಲಾ, ಇಷ್ಟು ವರ್ಷ ನಿನ್ನ ಜೊತೆಗಿದ್ದ ಜೀವ! ಕೊನೇ ಗಳಿಗೇಲಿ ಅದು ನಿನಗೇನು ಹೇಳ್ತು?”

ಆಕೆ ಕಿಟಕಿಯಿಂದ ತಲೆ ಹೊರಹಾಕಿದಳು.

“ಏನೂ ಹೇಳ್ಲಿಲ್ಲ. ಅದರಲ್ಲಿ ಬನ್ನು ಬಿಸಿ, ಕಾಲು ಮಂಜುಗಡ್ಡೆ. ಇದರಲ್ಲಿ ಎರಡೂ ಬಿಸಿ. ಹಳಿ ಬಿಟ್ಟು ಆಚೆ ನಿಂತ್ಕೊಳಯ್ಯ.”