ಸೀರಿಯಸ್ ಉಂಟು, ಹೊರಟು ಬಾ

ಕನ್ನಡದ ಅಂತರ್ಜಾಲ ಪತ್ರಿಕೆಗಳು ಹುಟ್ಟಿ ಬೆಳೆದ ಬಗೆಯನ್ನು ಕುರಿತು ಮಾತಾಡಿ ಎಂದು ಒಂದು ಕಾಲೇಜಿನವರು ನನ್ನನ್ನು ಕರೆದಿದ್ದರು. ಈ ಕ್ಷೇತ್ರದ ಮೊದಲಿಗರಲ್ಲಿ ಒಬ್ಬರು ಎಂದು ಆಮಂತ್ರಣದಲ್ಲಿ ಹೊಗಳಿಯೂ ಇದ್ದರು. ನಾನು ಹೋಗಲಿಲ್ಲ. ಹೋಗಿದ್ದರೆ ಹುಟ್ಟಿದ ಕಥೆಯನ್ನು ಖುಷಿಯಿಂದಲೇ ಹೇಳುತ್ತಿದ್ದೆ. ಬೆಳೆದ ಕಥೆಗೆ ಬರುವಾಗ ನನ್ನ ನಾಲಗೆ ನನ್ನ ಹಿಡಿತದಲ್ಲಿ ಇರುತ್ತಿರಲಿಲ್ಲ. ಶಾಲು ಹೊದಿಸಿದವರ ಎದುರು ಹಾಗೆ ಬಾಯಿಗೆ ಬಂದದ್ದು ಆಡುವುದು ಚೆನ್ನಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಮಣಿಪಾಲದಲ್ಲಿ ಎಸ್‌ಟಿಡಿ ಬೂತಿನ ಮೇಲೊಂದು ಕೋಣೆ, ಅದರೊಳಗೆ ಎರಡು ಕಂಪ್ಯೂಟರು, ಹತ್ತು ಸಲ ಕಿರುಚಿದರೆ ಒಂದು ಸಲ ಸಂಪರ್ಕ ಕೊಡುವ ಒಂದು ಮೋಡೆಮ್. ಅಚ್ಚಿನ ಕೆಲಸ ಬಿಟ್ಟು ಬಂದಿದ್ದ ಒಬ್ಬರು ನಮ್ಮ ಸಂಪಾದಕರು. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಟೈಪ್ ಮಾಡುವುದು, ತಿದ್ದುವುದು, ಪುಟ ಕಟ್ಟುವುದು ನನ್ನ ಪಾಲಿಗೆ. ನಾನು ಕಾಪುವಿನವಳು, ಮೀನುಗಾರರ ಮನೆಯವಳು. ಅಪ್ಪ ಮಲ್ಪೆಯಲ್ಲಿ ಬೋಟು ನಡೆಸುವ ತಾಂಡೇಲರಾಗಿದ್ದರು. ಮಗಳು ಪೇಪರಿಲ್ಲದ ಪತ್ರಿಕೆಯಲ್ಲಿ ಕೆಲಸ ಮಾಡುತ್ತಾಳೆ ಎಂದರೆ ಬಂದರಿನಲ್ಲಿ ಯಾರೂ ನಂಬುವುದಿಲ್ಲ ಎಂದು ಅವರು ನನ್ನನ್ನು ತಮಾಷೆ ಮಾಡುತ್ತಿದ್ದರು.

ನಮ್ಮ ಅಕ್ಷರ ಆಗ ಪರದೇಶದ ಕಂಪ್ಯೂಟರಿನಲ್ಲಿ ಮೂಡುತ್ತಲೇ ಇರಲಿಲ್ಲ. ಕನ್ನಡದ ಜಾಗದಲ್ಲಿ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಅದಕ್ಕಾಗಿ ನಾವು ಪ್ರತಿ ಪುಟವನ್ನೂ ಚಿತ್ರವಾಗಿ ಮಾಡಿ ಏರಿಸುತ್ತಿದ್ದೆವು. ಓದುವವರಿಗೆ ಅದು ಮೇಲಿನಿಂದ ಕೆಳಗೆ ಪಟ್ಟಿ ಪಟ್ಟಿಯಾಗಿ ತೆರೆದುಕೊಳ್ಳುತ್ತಿತ್ತು. ಗಲ್ಫಿನ ಒಂದು ಕಂಪನಿಯ ಗೋದಾಮಿನಲ್ಲಿದ್ದ ನನ್ನ ಅಣ್ಣನೇ ನಮ್ಮ ಮೊದಲ ಓದುಗ. ಅಲ್ಲಿಯ ಆಫೀಸಿನಲ್ಲಿ ಕಾರ್ಕಳದ ಅಕೌಂಟೆಂಟ್ ಒಬ್ಬರಿದ್ದರು. ಊಟದ ಬಿಡುವಿನಲ್ಲಿ ಊರಿನ ಹುಡುಗರನ್ನೆಲ್ಲ ತನ್ನ ಕಂಪ್ಯೂಟರಿನ ಸುತ್ತ ಕೂರಿಸಿಕೊಳ್ಳುತ್ತಿದ್ದರಂತೆ. ಮೊದಲ ಪಟ್ಟಿ ಬಂದಾಗ ಅನ್ನ ಕಲಸಿದರೆ ಕೊನೆಯ ಪಟ್ಟಿ ಬರುವಾಗ ಕೈ ತೊಳೆದಾಗಿರುತ್ತದೆ ಎಂದು ಅಣ್ಣ ಫೋನಿನಲ್ಲಿ ಹೇಳಿ ನಗುತ್ತಿದ್ದ.

ಪತ್ರಿಕೆ ತಿಂಗಳಿಗೊಮ್ಮೆ ಬರುತ್ತಿತ್ತು. ಕಥೆ, ಪ್ರಬಂಧ, ಒಂದಿಷ್ಟು ಕವಿತೆ. ಕಾರ್ಕಳದ ನಿವೃತ್ತ ಟೀಚರ್ ಒಬ್ಬರು ಕಾದಂಬರಿಯೊಂದನ್ನು ಕಂತು ಕಂತಾಗಿ ಕೊಡುತ್ತಿದ್ದರು. ಅವರಿಗೆ ಕಂಪ್ಯೂಟರು ಗೊತ್ತಿರಲಿಲ್ಲ. ನಾನೇ ಬಸ್ಸಿನಲ್ಲಿ ಹೋಗಿ ಕೈಬರಹದ ಹಾಳೆಗಳನ್ನು ತರುತ್ತಿದ್ದೆ. ಅವರು ಬಾಳೆಹಣ್ಣಿನ ಬನ್ಸ್ ತಿನ್ನಿಸದೆ ಕಳಿಸುತ್ತಿರಲಿಲ್ಲ. ಆ ಎರಡು ಮೂರು ವರ್ಷ ನಾನು ಸುಖವಾಗಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಮೇಲೆ ಒಂದು ದಿನ ಮಸ್ಕತ್ತಿನಿಂದ ಓದುಗರೊಬ್ಬರು ಬರೆದರು. ತನ್ನ ತಾಯಿ ಊರಿನಲ್ಲಿ ತೀರಿಕೊಂಡಿದ್ದಾರೆ, ಹದಿಮೂರನೆಯ ದಿನದ ಸುದ್ದಿ ಗಲ್ಫಿನ ಬಂಧುಗಳಿಗೆ ಮುಟ್ಟಬೇಕು, ಒಂದು ಫೋಟೊ ಹಾಕಿ ಉಪಕಾರ ಮಾಡಬೇಕು ಎಂದು. ಪಾಪ ಎನಿಸಿತು, ಹಾಕಿದೆವು. ಪುಟದ ಬುಡದಲ್ಲಿ ಎಷ್ಟು ಜನ ನೋಡಿದರು ಎಂದು ತೋರಿಸುವ ಒಂದು ಕೌಂಟರ್ ಇತ್ತು. ಕಥೆಗಳ ಪುಟದಲ್ಲಿ ಅದು ಕುಂಟಿಕೊಂಡು ನಡೆಯುತ್ತಿದ್ದರೆ ಆ ಅಮ್ಮನ ಫೋಟೊ ಬಿದ್ದ ವಾರ ಓಡಿತು. ಸರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಬಹಳ ಹೊತ್ತು ಆ ಸಂಖ್ಯೆಯನ್ನೇ ನೋಡಿದರು.

ಅಲ್ಲಿಂದ ನಾವು ಬೆಳೆದೆವು. ಅಕ್ಷರದ ತೊಂದರೆ ನೀಗಿತು, ಡಿಜಿಟಲ್ ಕ್ಯಾಮೆರಾ ಬಂತು, ಆಫೀಸು ಉಡುಪಿಯ ಸಿಟಿ ಬಸ್ ನಿಲ್ದಾಣದ ಹತ್ತಿರಕ್ಕೆ ಬಂತು. ಚಿನ್ನದ ಅಂಗಡಿಯವರು, ಫ್ಲ್ಯಾಟ್ ಕಟ್ಟುವವರು ಜಾಹೀರಾತು ಕೊಟ್ಟರು. ತಿಂಗಳ ಪತ್ರಿಕೆ ವಾರಕ್ಕೆ ಬಂತು, ವಾರದ್ದು ದಿನಕ್ಕೆ, ದಿನದ್ದು ಗಳಿಗೆಗೆ. ಸಂಚಿಕೆ ಎಂಬ ಮಾತನ್ನೇ ಆಫೀಸಿನಲ್ಲಿ ಯಾರೂ ಆಡುತ್ತಿರಲಿಲ್ಲ. ನಿಧನ ವಾರ್ತೆಗೆ ಮುಖಪುಟದ ಬಲಬದಿಯಲ್ಲಿ ಖಾಯಂ ಜಾಗವಾಯಿತು, ಕಥೆಗಳು ಕೆಳಗೆ ಕೆಳಗೆ ಜಾರಿ ಕೊನೆಗೆ ಹುಡುಕಿದರೂ ಸಿಗದಲ್ಲಿಗೆ ಹೋದವು. ಟೀಚರ ಕಾದಂಬರಿ ಅರ್ಧಕ್ಕೇ ನಿಂತಿತು. ಹೇಳಲು ಸರ್ ಹೋಗಲಿಲ್ಲ, ನನ್ನನ್ನೇ ಕಳಿಸಿದರು. ಟೀಚರು ಎಲ್ಲವನ್ನೂ ಕೇಳಿಸಿಕೊಂಡು, ಹಾಗಾದರೆ ನಿಮ್ಮ ಪತ್ರಿಕೆಯಲ್ಲಿ ನನಗೆ ಜಾಗ ಬೇಕೆಂದರೆ ನಾನು ಸಾಯಬೇಕಾಯಿತು ಅಲ್ವಾ ಎಂದರು. ಬನ್ಸ್ ಅಂದೂ ಕೊಟ್ಟರು.

ಸಾವಿನ ಸುದ್ದಿ ತರಲು ಜನ ಹುಟ್ಟಿಕೊಂಡರು. ಆಂಬುಲೆನ್ಸ್ ಓಡಿಸುವವರು, ಆಸ್ಪತ್ರೆಯ ಎದುರು ಹೂ ಮಾರುವವರು ನೇರ ನಮ್ಮ ಆಫೀಸಿಗೆ ಫೋನ್ ಮಾಡುತ್ತಿದ್ದರು. ಆಗ ನಾನು ಒಂದು ಹಟ ಹಿಡಿದೆ. ಮನೆಯವರೇ ಫೋನ್ ಮಾಡಿ ಹಾಕಿ ಎಂದು ಹೇಳುವವರೆಗೆ ಯಾವ ಸಾವನ್ನೂ ಹಾಕಬಾರದು. ಕಾರಣವನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಪರದೇಶದಲ್ಲಿದ್ದವನಿಗೆ ನಾವು ಸಾವನ್ನು ಫೋನಿನಲ್ಲಿ ಹೇಳುವವರಲ್ಲ. ಸೀರಿಯಸ್ ಉಂಟು, ಹೊರಟು ಬಾ ಎನ್ನುತ್ತೇವೆ. ಕೇಳಿದವನಿಗೆ ಅರ್ಧ ತಿಳಿಯುತ್ತದೆ, ಆದರೂ ಅವನು ತಿರುಗಿ ಕೇಳುವುದಿಲ್ಲ. ಉಳಿದರ್ಧವನ್ನು ಹಿಡಿದುಕೊಂಡೇ ರಜೆ ಕೇಳುತ್ತಾನೆ, ವಿಮಾನ ಹತ್ತುತ್ತಾನೆ. ಮಂಗಳೂರಿನಲ್ಲಿ ಇಳಿದ ಮೇಲೆ ಜೀಪಿನಲ್ಲಿ, ಹಿರಿಯರು ಯಾರಾದರೂ ಪಕ್ಕದಲ್ಲಿ ಕೂತು, ಅವನ ಕೈ ಹಿಡಿದು ಹೇಳುತ್ತಾರೆ. ಅಳುವಾಗ ಹಿಡಿದುಕೊಳ್ಳಲು ಒಬ್ಬ ಮನುಷ್ಯ ಇರಬೇಕು ಎಂಬುದಷ್ಟೇ ಅದರ ಅರ್ಥ.

ಸರ್ ಒಂದು ವರ್ಷ ನನ್ನ ಮಾತು ನಡೆಸಿಕೊಟ್ಟರು. ಅಷ್ಟರಲ್ಲಿ ಇನ್ನೊಂದು ಜಾಲತಾಣ ಹುಟ್ಟಿ ಸಾವುಗಳನ್ನು ನಮಗಿಂತ ಮೊದಲು ಹಾಕತೊಡಗಿತು. ಸರ್ ನನ್ನ ನಿಯಮವನ್ನು ತೆಗೆದು ಹಾಕಿದರು. ನಾನು ಜಗಳ ಮಾಡಿದೆ. ಅವರಿಗೆ ಸಿಟ್ಟು ಬರಲಿಲ್ಲ.

"ನಾವು ಕಾದರೆ ಓದುವವರು ಕಾಯ್ತಾರಾ ಮಾರಾಯ್ತಿ?" ಎಂದರು. "ಆಚೆಯವರದ್ದನ್ನು ನೋಡಿಯಾದರೂ ಅವರಿಗೆ ಗೊತ್ತಾಗ್ತದೆ. ನಮ್ಮದರಲ್ಲಿ ಗೊತ್ತಾದರೆ ಎಂತ ನಷ್ಟ?"

ಕೆಲಸ ಬಿಡಬಹುದಿತ್ತು. ಬಿಟ್ಟರೆ ಈ ಊರಿನಲ್ಲಿ ಕನ್ನಡ ತಿದ್ದುವ ಕೆಲಸ ನನಗೆ ಇನ್ನೆಲ್ಲಿ ಸಿಗುತ್ತಿತ್ತು?

ಮಳೆಗಾಲ ಮುಗಿದು ಬೋಟುಗಳು ಕಡಲಿಗೆ ಇಳಿದ ಹೊಸತು. ಅಪ್ಪ ಮಲ್ಪೆ ಬಂದರಿನಲ್ಲಿ ಮೀನು ಇಳಿಸುವುದನ್ನು ನೋಡುತ್ತ ನಿಂತಿದ್ದವರು ಹಾಗೆಯೇ ಕುಸಿದರು. ಬೋಟಿನವರು ಫೋನ್ ಮಾಡಿದಾಗ ನಾನು ಆಫೀಸಿನಲ್ಲಿದ್ದೆ. ಅಪ್ಪನಿಗೆ ಹುಷಾರಿಲ್ಲವಂತೆ ಎಂದಷ್ಟೇ ಸರ್‌ಗೆ ಹೇಳಿ ಆಟೋ ಹತ್ತಿದೆ. ಮಣಿಪಾಲದ ಆಸ್ಪತ್ರೆಗೆ ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮನ ಅಣ್ಣ, ನನ್ನ ಮಾವ, ಕಾಪುವಿನಿಂದ ಬಂದರು. ನಮ್ಮಲ್ಲಿ ಇಂಥ ಹೊತ್ತಿಗೆ ಮಾವನೇ ಹಿರಿಯ. ಅವರು ಮೊದಲು ಮುಖ ತೊಳೆದುಕೊಂಡರು, ಗಂಟಲು ಸರಿಮಾಡಿಕೊಂಡರು, ಆಮೇಲೆ ಅಣ್ಣನಿಗೆ ಫೋನ್ ಮಾಡಿದರು. ಅಪ್ಪನಿಗೆ ಸೀರಿಯಸ್ ಉಂಟು, ಹೊರಟು ಬಾ. ಆಯಿತು ಮಾವ ಎಂದನಂತೆ ಅಣ್ಣ. ಅವನು ಬರುವವರೆಗೆ ಅಪ್ಪನನ್ನು ಶವಾಗಾರದಲ್ಲಿ ಇರಿಸಲು ಹೇಳಿ ನಾವು ಮನೆಗೆ ಹೋದೆವು.

ಆಂಬುಲೆನ್ಸಿನವರು ಸುಮ್ಮನೆ ಕೂರುವವರಲ್ಲವಲ್ಲ. ನಮ್ಮ ಆಫೀಸಿಗೆ ಫೋನ್ ಹೋಗಿತ್ತು. ಸರ್ ನನ್ನನ್ನು ಕೇಳಲಿಲ್ಲ. ದುಃಖದಲ್ಲಿರುವವಳಿಗೆ ತೊಂದರೆ ಕೊಡಬಾರದೆಂದು ಕೇಳಲಿಲ್ಲ ಎಂದು ಆಮೇಲೆ ಹೇಳಿದರು. ಫೋಟೊ ಎಲ್ಲಿಂದ ಬಂತು ಎಂದರೆ, ಬಲೆ ಹೊಲಿಯುವವರ ಬಗ್ಗೆ ನಾನೇ ಹಿಂದೊಮ್ಮೆ ಬರೆದಿದ್ದ ಲೇಖನದಿಂದ. ಅದರಲ್ಲಿ ಅಪ್ಪ ಬಾಯಲ್ಲಿ ದಾರ ಕಚ್ಚಿಕೊಂಡು ನಗುತ್ತಿದ್ದರು. ಬಲೆಯನ್ನೂ ಕೈಗಳನ್ನೂ ಕತ್ತರಿಸಿ ತೆಗೆದು ಮುಖವನ್ನು ಮಾತ್ರ ಹಾಕಿದ್ದರು. ನಮ್ಮ ಪತ್ರಿಕೆಯ ಉಪಸಂಪಾದಕಿಯ ತಂದೆ ಎಂದು ದಪ್ಪ ಅಕ್ಷರದಲ್ಲಿ ಸೇರಿಸಿದ್ದರು, ಗೌರವಕ್ಕೆ.

ಅಲ್ಲಿ ಅಣ್ಣ ರಜೆ ಬರೆಸಲು ಆಫೀಸಿಗೆ ಹೋಗಿದ್ದ. ಕಾರ್ಕಳದ ಅಕೌಂಟೆಂಟರ ಮುಂದೆ ನಮ್ಮ ಪುಟ ತೆರೆದಿತ್ತು. ಚಹಾದ ಜೊತೆ ಅದನ್ನು ತೆರೆಯುವುದು ಅವರಿಗೆ ಅಷ್ಟು ವರ್ಷಗಳ ಅಭ್ಯಾಸ. ಅಣ್ಣನನ್ನು ಕಂಡು ಅವರು ಗಡಿಬಿಡಿಯಲ್ಲಿ ಪರದೆಯ ಸ್ವಿಚ್ಚಿಗೆ ಕೈ ಹಾಕಿದರಂತೆ. ಅಷ್ಟರಲ್ಲಿ ಅವನು ನೋಡಿಯಾಗಿತ್ತು.

ಮರುದಿನ ಮಾವ ಪದ್ಧತಿಯಂತೆ ಜೀಪು ಮಾಡಿಕೊಂಡು ವಿಮಾನ ನಿಲ್ದಾಣಕ್ಕೆ ಹೋದರು. ನಾನೂ ಹಿಂದೆ ಕೂತಿದ್ದೆ. ಅಣ್ಣ ಬಂದು ಮಾವನ ಪಕ್ಕದಲ್ಲಿ ಕೂತ. ಕಾಪುವಿಗೆ ಸ್ವಲ್ಪ ಮೊದಲು, ಪಡುಬಿದ್ರಿ ಹತ್ತಿರವಾದಾಗ ಮಾವ ಅವನ ಕೈ ಹಿಡಿದುಕೊಂಡರು. ಅಣ್ಣ ಕೈಯನ್ನು ಮೆಲ್ಲ ಬಿಡಿಸಿಕೊಂಡ.

"ಗೊತ್ತುಂಟು ಮಾವ, ನೋಡಿದೆ. ನೀವು ಹೇಳುವುದು ಬೇಡ."

ಸರ್ ಹಾರ ಹಿಡಿದುಕೊಂಡು ಮನೆಗೆ ಬಂದಿದ್ದರು. ಎಷ್ಟೊಂದು ಜನ ಶ್ರದ್ಧಾಂಜಲಿ ಬರೆದಿದ್ದಾರೆ, ಬಿಡುವಾದಾಗ ನೋಡು ಎಂದು ನನಗೆ ಮೆಲುದನಿಯಲ್ಲಿ ಹೇಳಿದರು. ಆ ಮನುಷ್ಯ ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರಿಗೆ ಕೊನೆಯವರೆಗೂ ತಾನು ಮಾಡಿದ್ದೇನೆಂದು ತಿಳಿಯಲೇ ಇಲ್ಲ. ನಾನು ಮತ್ತೆ ಆ ಆಫೀಸಿನ ಮೆಟ್ಟಿಲು ಹತ್ತಲಿಲ್ಲ.

ಕ್ರಿಯೆಗಳೆಲ್ಲ ಮುಗಿದು ಅಣ್ಣ ಹೊರಡುವ ದಿನ ಅಂಗಳದಲ್ಲಿ ನಾವಿಬ್ಬರೇ ಇದ್ದೆವು. ಅವನು ಪೆಟ್ಟಿಗೆಯ ಹಗ್ಗ ಬಿಗಿಯುತ್ತಿದ್ದ. ನನ್ನ ಕಡೆ ತಿರುಗದೆಯೇ ತುಳುವಿನಲ್ಲಿ ಹೇಳಿದ.

"ಮಾವ ಸೀರಿಯಸ್ ಅಂದರು. ಆ ಪುಟ ಕಾಣದಿದ್ದರೆ ಪಡುಬಿದ್ರಿಯವರೆಗಾದರೂ ಅಪ್ಪ ನನಗೆ ಇರುತ್ತಿದ್ದರು."

ನಾನು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ.

ಈಗ ಅವನು ಫೋನ್ ಮಾಡಿದಾಗಲೆಲ್ಲ ಮೊದಲು ಅಮ್ಮ ಹೇಗಿದ್ದಾರೆ ಎಂದು ಕೇಳುತ್ತಾನೆ. ಚೆನ್ನಾಗಿದ್ದಾರೆ ಎನ್ನುತ್ತೇನೆ. ಅವನು ನಂಬುವುದಿಲ್ಲ. ಅಮ್ಮ ಮಲಗಿದ್ದರೂ ಎಬ್ಬಿಸಿ ಅವರ ಸ್ವರ ಕೇಳಿಸಬೇಕು.