ದೊಡ್ಡಮ್ಮನ ಮಾತು ಮಾತ್ರ ಕೇಳುವ ಮಗಳು

ಕೇಳಿ, ನಮ್ಮ ಬೀದಿಯ ಟೈಲರಮ್ಮನಿಗೆ ಇಡೀ ಲೋಕದಲ್ಲಿ ಹೊಟ್ಟೆಕಿಚ್ಚು ಇದ್ದದ್ದು ಒಬ್ಬಳ ಮೇಲೆ ಮಾತ್ರ. ಅದು ಮಹಡಿ ಮೇಲಿನ ಓರಗಿತ್ತಿ. ಒಡವೆಗಲ್ಲ, ಸೀರೆಗಲ್ಲ. ತಾನು ಹೆತ್ತ ಮಗಳು ಅವಳ ಮಾತು ಕೇಳುತ್ತಾಳೆ, ತನ್ನ ಮಾತು ಕೇಳುವುದಿಲ್ಲ ಅಂತ.

ಮಗಳಿಗೆ ನಾಲ್ಕೂವರೆ ವರ್ಷ. ಹೊಲಿಗೆ ಕೋಣೆಯ ಗುಂಡಿಗಳನ್ನೆಲ್ಲ ನೆಲಕ್ಕೆ ಸುರಿದುಕೊಂಡು ಆಡುವುದರಿಂದ ಎಲ್ಲರ ಬಾಯಲ್ಲೂ ಅವಳು ಬಟನ್. ಟೈಲರಮ್ಮ ಮಿಷನ್ ತುಳಿಯುತ್ತಲೇ ಕೂಗುತ್ತಾಳೆ: ಎತ್ತಿಡೇ, ಕೈ ಮುರಿತೀನಿ, ಹೊರಗೆ ನಿಲ್ಲಿಸಿ ಬಾಗಿಲು ಹಾಕ್ತೀನಿ. ಇದುವರೆಗೆ ಕೈಯೂ ಮುರಿದಿಲ್ಲ, ಬಾಗಿಲೂ ಹಾಕಿಲ್ಲ. ಅದು ಬಟನ್‌ಗೆ ಚೆನ್ನಾಗಿ ಗೊತ್ತು. ಅದೇ ಮಗು ಮಹಡಿಗೆ ಹೋದರೆ ಚಪ್ಪಲಿಯನ್ನೂ ಜೋಡಿಸಿ ಇಡುತ್ತದಂತೆ. ಇದನ್ನು ಅತ್ತೆ ದಿನಕ್ಕೆರಡು ಸಲ ಬೇಕೆಂದೇ ನೆನಪಿಸುತ್ತಿದ್ದರು.

ಕದ್ದುಮುಚ್ಚಿ ಚಾಕೊಲೇಟ್ ಕೊಡುತ್ತಾಳೆ ಅಂತ ಟೈಲರಮ್ಮನ ಅನುಮಾನ. ಕಣ್ಣಾರೆ ನೋಡಿಯೇ ಬಿಡೋಣ ಎಂದು ಒಂದು ಸಂಜೆ, ಬ್ಲೌಸ್ ಅಳತೆಯ ನೆಪ ಹೇಳಿ, ಟೇಪು ಹಿಡಿದು ಮೇಲೆ ಹತ್ತಿದಳು. ಓರಗಿತ್ತಿಯ ಎದೆಗೆ ಟೇಪು ಸುತ್ತುವ ಹೊತ್ತಿಗೆ ಸರಿಯಾಗಿ ಬಟನ್ ಕುರ್ಚಿ ಹತ್ತಿ ಮಾತ್ರೆ ಡಬ್ಬಿಗೆ ಕೈ ಹಾಕಿದಳು. ಓರಗಿತ್ತಿ ಕೂಗಲಿಲ್ಲ. ಟೇಪಿನಿಂದ ಬಿಡಿಸಿಕೊಂಡು ಹೋಗಿ, ಆ ಪುಟ್ಟ ಕೈ ಹಿಡಿದು, ಮಾತ್ರೆ ಮುಟ್ಟಬಾರದು, ಇಳಿ ಅಂದಳು. ಆಮೇಲೆ ಸುಮ್ಮನೆ ಕಾದಳು. ಬಟನ್ ಮೂತಿ ಉದ್ದ ಮಾಡಿದಳು, ಕಾಲು ಕುಣಿಸಿದಳು, ಕೊನೆಗೆ ಇಳಿದಳು. ಚಾಕೊಲೇಟ್ ಎಲ್ಲೂ ಕಾಣಲಿಲ್ಲ. ಮೈಯೆಲ್ಲ ಉರಿದುಹೋದ ಟೈಲರಮ್ಮ ಮೂವತ್ತೆಂಟು ಅಂತ ಬರೆಯಬೇಕಾದಲ್ಲಿ ಮೂವತ್ತನಾಲ್ಕು ಬರೆದುಕೊಂಡು ಇಳಿದಳು.

ಮರುದಿನ ಅದೇ ಬ್ಲೌಸ್ ಹೊಲಿಯುತ್ತಿದ್ದಾಗ ಬಟನ್ ದೊಡ್ಡ ಕತ್ತರಿ ಎತ್ತಿಕೊಂಡು ತನ್ನದೇ ಜುಟ್ಟಿನ ಹತ್ತಿರ ಒಯ್ದಳು. ಟೈಲರಮ್ಮ ಕೂಗಿದಳು. ಮಗು ತಿರುಗಲಿಲ್ಲ. ಇನ್ನೊಂದು ಸಲ ಕೂಗಿದಳು. ಉಹೂಂ. ಹೊಲಿಗೆ ಅರ್ಧಕ್ಕೆ ಬಿಟ್ಟು ಏಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಆದರೂ ಅವತ್ತು ಪೆಡಲಿನಿಂದ ಕಾಲು ತೆಗೆದಳು.

ಕೋಣೆ ಗಪ್ಪಾಯಿತು. ಕೂಗಿಗೆ ತಿರುಗದ ಮಗು ಆ ಮೌನಕ್ಕೆ ತಿರುಗಿತು.

ಟೈಲರಮ್ಮ ಎದುರಿಗೆ ಹೋಗಿ ಮಂಡಿಯೂರಿ, ಕತ್ತರಿ ಹಿಡಿದಿದ್ದ ಕೈಯನ್ನು ಮೆಲ್ಲಗೆ ಹಿಡಿದಳು. “ಕತ್ತರಿ ಅಮ್ಮಂದು. ಇಲ್ಲಿ ಕೊಡು.”

ಗದರಬೇಕೆಂದು ನಾಲಗೆ ತುರಿಸುತ್ತಿತ್ತು. ಹಲ್ಲು ಕಚ್ಚಿ ಕಾದಳು. ಪುಟ್ಟ ಬೆರಳುಗಳು ಒಂದೊಂದಾಗಿ ಸಡಿಲವಾದವು.

“ದೊಡ್ಡಮ್ಮನೂ ಹಿಂಗೇ ಹೇಳೋದು,” ಅಂದಳು ಬಟನ್.

ಗೆದ್ದ ಖುಷಿಯಲ್ಲಿ ಅರ್ಧ ಅಲ್ಲೇ ಕರಗಿತು.

ನಾಲ್ಕು ದಿನ ಬಿಟ್ಟು ಓರಗಿತ್ತಿ ಬ್ಲೌಸ್ ಹಿಡಿದು ಕೆಳಗೆ ಬಂದಳು. “ಏನೇ, ಇದನ್ನ ಬಟನ್‌ಗೆ ಹೊಲ್ದಿದ್ದಾ? ನಂಗೆ ಕೈಯೇ ಹೋಗ್ತಿಲ್ಲ.”

ಟೈಲರಮ್ಮ ಮಿಷನ್ ನಿಲ್ಲಿಸಿದಳು. ಮಾತಿಗೆ ಮುಂಚೆಯೇ ಬಟನ್ ತಲೆ ಎತ್ತಿದಳು. ಗುಂಡಿ ಎಲ್ಲ ಡಬ್ಬಿಗೆ ಹಾಕು ಅಂತ ಅಮ್ಮ ಅಂದದ್ದೇ ತಡ, ಗೊಣಗುತ್ತ ಒಂದೊಂದೇ ಆರಿಸಿ ಹಾಕತೊಡಗಿದಳು. ಓರಗಿತ್ತಿ ಬ್ಲೌಸ್ ಮರೆತು ನಿಂತಳು.

“ಅರೆ, ಯಾವಾಗಿಂದ ಇದು? ಏನ್ ಮಾಡ್ದೆ?”

“ಏನಿಲ್ಲಕ್ಕ, ಅವಳು ಮೊದ್ಲಿಂದ್ಲೂ ಹಿಂಗೇ ಅಲ್ವಾ,” ಅಂದ ಟೈಲರಮ್ಮ, ಟೇಪು ತೆಗೆದುಕೊಂಡು, ಈ ಸಲ ಅಳತೆಯನ್ನು ಸರಿಯಾಗಿ ಬರೆದುಕೊಂಡಳು.